ಜಿವೆರ್ನಿಯ ಹೂಕೋಸು

ಗುರುವಾರ ಬೆಳಿಗ್ಗೆ ಏಳೂವರೆ. ನಾನು ಹಲ್ಲುಜ್ಜುತ್ತಿದ್ದೆ. ಅಂಗಳದಲ್ಲಿ ಯಾರೋ ಕಿರುಚಿದರು. ಬಾಯಲ್ಲಿ ನೊರೆ ಇಟ್ಟುಕೊಂಡೇ ಕಿಟಕಿಗೆ ಓಡಿದೆ. ಸ್ಕಾರ್ಫಮ್ಮ ಕೊಟ್ಟಿಗೆ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲೊಂದು ಹಾಳೆ. ಸತ್ತ ಇಲಿಯ ಬಾಲ ಹಿಡಿದ ಹಾಗೆ ಎರಡೇ ಬೆರಳಲ್ಲಿ ಅದರ ಮೂಲೆ ಹಿಡಿದಿದ್ದರು.

ಹಿಂದಿನ ಸಂಜೆ ನಾವೆಲ್ಲ ಬಾಯಿ ಬಿಟ್ಟುಕೊಂಡು ನೋಡಿದ್ದ ಚಿತ್ರ ಅದು. ವೆರ್ನೊಂ ಊರಿನ ಹಳೇ ಗಿರಣಿ. ಊಟದ ಕೋಣೆಯಲ್ಲಿ ತೂಗುಹಾಕೋಕೆ 150 ಯೂರೋ ಕೊಡ್ತೀನಿ ಅಂತ ಗೆಸ್ಟ್‌ಹೌಸಿನ ಒಡೆಯರು ಹೇಳಿದ್ದರು. ಬೆಳಗಾಗುವುದರೊಳಗೆ ಅದರ ನೇರಳೆ ನೆರಳೆಲ್ಲ ಕೆಸರಾಗಿತ್ತು. ಗಿರಣಿಯ ಬಿಳಿ ಗೋಡೆಗೆ ಕಾಮಾಲೆ ಬಂದಿತ್ತು.

ಈ ಪ್ರವಾಸ ನನ್ನ ಅಕ್ಕನ ಮಗಳು ಕೊಡಿಸಿದ್ದು. ಅವಳು ಪ್ಯಾರಿಸಿನಲ್ಲಿ ಕೆಲಸ ಮಾಡುತ್ತಾಳೆ. ನಾನು 31 ವರ್ಷ ಬ್ಯಾಂಕಿನಲ್ಲಿ ಲೆಕ್ಕ ತಾಳೆ ನೋಡಿ ರಿಟೈರ್ ಆದವಳು. ಆಮೇಲೆ ವಾಟರ್ ಕಲರ್ ಹುಚ್ಚು ಹಿಡಿಯಿತು. "ಚಿಕ್ಕಮ್ಮ, ಒಂದು ವಾರದ ಪೇಂಟಿಂಗ್ ರಜೆ. ಜಿವೆರ್ನಿಯಲ್ಲಿ. ಚಿತ್ರಕಾರ ಮೊನೆ ಇದ್ದ ಊರು. ನಾನೂ ಬರ್ತೀನಿ, ಸುಮ್ನೆ ಹೊರಡು" ಅಂದಳು. ಹೊರಟೆ. ಬಲಗಣ್ಣಿನ ಪೊರೆ ತೆಗೆಸಿ ಆಗ ಎಂಟು ತಿಂಗಳಾಗಿತ್ತು. ಎಡಗಣ್ಣಿನದೂ ತೆಗೆಸಬೇಕಿತ್ತು. ಇವತ್ತು ನಾಳೆ ಅಂತ ನಾನೇ ತಳ್ಳಿಕೊಂಡು ಬಂದಿದ್ದೆ.

ನಾವು ಒಟ್ಟು ಏಳು ಜನ, ಜೊತೆಗೆ ಟೀಚರ್. ಎಲ್ಲರಿಗೂ ಮೊದಲ ದಿನವೇ ಮನಸ್ಸಿನಲ್ಲಿ ಅಡ್ಡಹೆಸರು ಇಟ್ಟುಬಿಟ್ಟೆ, ಇಲ್ಲದಿದ್ದರೆ ನನಗೆ ಯಾರೂ ನೆನಪಿರುವುದಿಲ್ಲ. ಐರ್ಲೆಂಡಿನಿಂದ ಬಂದಿದ್ದ, ಹಿಂದೆ ಮೇಷ್ಟರಾಗಿದ್ದ 79ರ ಟೋಪಿ ಅಜ್ಜಿ. ನನಗೇ 63, ಆದರೂ ಆ ಅಗಲ ಹುಲ್ಲು ಟೋಪಿಯ ಕೆಳಗಿದ್ದ ಮುಖ ಅಜ್ಜಿಯದೇ. ದಿನಕ್ಕೊಂದು ಸ್ಕಾರ್ಫು ಸುತ್ತಿಕೊಳ್ಳುತ್ತಿದ್ದ ಸ್ಕಾರ್ಫಮ್ಮ. ಹಾಲೆಂಡಿನ ಗಂಡ ಹೆಂಡತಿ, ಡಚ್ಚಪ್ಪ ಮತ್ತು ಡಚ್ಚಮ್ಮ. ಬ್ರಶ್ಶಿಗಿಂತ ಕ್ಯಾಮೆರಾವನ್ನೇ ಜಾಸ್ತಿ ಹಿಡಿಯುತ್ತಿದ್ದ ಅಮೆರಿಕದ ಹುಡುಗ. ಮತ್ತೆ ನಾವಿಬ್ಬರು.

ಭಾನುವಾರ ಎಲ್ಲರೂ ಪ್ಯಾರಿಸಿನಲ್ಲಿ ಸೇರಿದೆವು. ಟೀಚರ್ ಮೊದಲು ಕರೆದುಕೊಂಡು ಹೋಗಿದ್ದು ಮಾರ್ಮೊತ್ತಾಂ ಮ್ಯೂಸಿಯಮ್ಮಿಗೆ. ಮೊನೆಯ ಚಿತ್ರಗಳು ಅಲ್ಲಿರುವಷ್ಟು ಬೇರೆಲ್ಲೂ ಇಲ್ಲ. 1872ರ ಆ ಪ್ರಸಿದ್ಧ ಸೂರ್ಯೋದಯದ ಚಿತ್ರ ಅಲ್ಲೇ ಇದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಕೊನೆಗಾಲದ ಜಪಾನಿ ಸೇತುವೆ ಚಿತ್ರಗಳು. ಅವು 1918ರಿಂದ 1924ರ ನಡುವಿನವು. ಕೆಂಪು, ಕಂದು, ಇಟ್ಟಿಗೆ ಬಣ್ಣದ ಗೋಜಲು. ಸೇತುವೆ ಎಲ್ಲಿದೆ ಅಂತ ಹುಡುಕಬೇಕು. ಆ ಹೊತ್ತಿಗೆ ಮೊನೆಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು ಅಂತ ಟೀಚರ್ ಹೇಳಿದರು. ಡಚ್ಚಪ್ಪ ತಕ್ಷಣ ತಮ್ಮ ಎರಡೂ ಕಣ್ಣಿನ ಆಪರೇಷನ್ ಕಥೆ ಶುರು ಮಾಡಿದರು. ಎರಡು ಕೋಣೆ ದಾಟಿದರೂ ಆ ಕಥೆ ಮುಗಿಯಲಿಲ್ಲ. ಟೋಪಿ ಅಜ್ಜಿ ಮಾತ್ರ ಆ ಕೆಂಪು ಸೇತುವೆ ಮುಂದೆಯೇ ನಿಂತಿದ್ದರು. ಕರೆಯೋಕೆ ಹೋದೆ. "ಎಲ್ಲರೂ ಇದನ್ನು ವಿಚಿತ್ರ ಅಂತಾರೆ. ಇದರಲ್ಲಿ ತಪ್ಪೇನಿದೆ?" ಅಂದರು. ರಸಿಕರು ಅಂದುಕೊಂಡೆ.

ಸಾಂ ಲಜಾರ್ ನಿಲ್ದಾಣದಿಂದ ರೈಲು ಹತ್ತಿದರೆ ಸುಮಾರು ಒಂದು ಗಂಟೆಗೆ ವೆರ್ನೊಂ. ಅಲ್ಲಿಂದ ಸೇನ್ ನದಿ ದಾಟಿ ಐದು ಕಿಲೋಮೀಟರ್ ಹೋದರೆ ಜಿವೆರ್ನಿ. ಮೊನೆ 1883ರಲ್ಲಿ ಬಂದು 1926ರಲ್ಲಿ ಸಾಯುವವರೆಗೂ ಇದ್ದದ್ದು ಇಲ್ಲೇ. ಊರು ಅಂದರೆ ಒಂದು ಉದ್ದ ಬೀದಿ, ಅಷ್ಟೆ. ನಮ್ಮ ಗೆಸ್ಟ್‌ಹೌಸಿನ ಹಿಂದೆ ಒಂದು ಹಳೇ ಕೊಟ್ಟಿಗೆ. ಅದೇ ನಮ್ಮ ಸ್ಟುಡಿಯೋ. ಗೋಡೆಯುದ್ದಕ್ಕೂ ಒಂದು ತಂತಿ ಎಳೆದು ಕ್ಲಿಪ್ಪು ಹಾಕಿದ್ದರು. ಸಂಜೆ ಬರೆದ ಚಿತ್ರಗಳನ್ನು ಅಲ್ಲಿ ಸಾಲಾಗಿ ತೂಗುಬಿಟ್ಟು ಊಟಕ್ಕೆ ಹೋಗುವುದು. ಹಾಳೆಯ ಮುಂದೆ ಹೆಸರು ಬರೆಯುವ ಹಾಗಿಲ್ಲ. "ಸಹಿ ಹಾಕಿದ ಕೂಡಲೇ ಚಿತ್ರ ಮುಗೀತು ಅಂದುಕೊಳ್ತೀರಿ. ಶನಿವಾರದವರೆಗೆ ಯಾವುದೂ ಮುಗಿದಿಲ್ಲ" ಅಂತ ಟೀಚರ್ ಕಟ್ಟಪ್ಪಣೆ. ಹಿಂದೆ ಪೆನ್ಸಿಲಿನಲ್ಲಿ ಸಣ್ಣದಾಗಿ ಗುರುತು ಹಾಕಿಕೊಳ್ಳಬಹುದಿತ್ತು.

ಕಲಿತದ್ದರಲ್ಲಿ ಒಂದನ್ನು ಹೇಳಲೇಬೇಕು, ಮುಂದಿನ ಕಥೆ ನಿಂತಿರುವುದೇ ಅದರ ಮೇಲೆ. ಮೊದಲ ದಿನವೇ ಟೀಚರ್ ಎಲ್ಲರ ಪೆಟ್ಟಿಗೆಯಿಂದ ಕಪ್ಪು ಬಣ್ಣ ಕಿತ್ತುಕೊಂಡರು. ನೆರಳು ಕಪ್ಪಲ್ಲ, ನೋಡಿ ಅಂದರು. ನೋಡಿದೆವು. ಇಳಿಬಿಸಿಲು ಹಳದಿಯಾಗಿದ್ದರೆ ಬಿಳಿ ಗೋಡೆಯ ಮೇಲಿನ ನೆರಳು ನೇರಳೆಗೆ ತಿರುಗುತ್ತದೆ. ಸುಳ್ಳಲ್ಲ. 63 ವರ್ಷ ನೆರಳನ್ನು ಕಪ್ಪು ಅಂತಲೇ ನಂಬಿದ್ದ ನನಗೆ ಅವತ್ತು ಒಂಥರಾ ಅವಮಾನವೇ ಆಯಿತು. ಹಳದಿ, ನೇರಳೆ ಪಕ್ಕಪಕ್ಕ ಇದ್ದರೆ ಎರಡೂ ಹೊಳೆಯುತ್ತವೆ. ಒಂದರ ಮೇಲೊಂದು ಬಿದ್ದರೆ ಎರಡೂ ಸತ್ತು ಕೆಸರು ಬಣ್ಣ ಬರುತ್ತದೆ. ಅತ್ತಿಗೆ ನಾದಿನಿ ಇದ್ದ ಹಾಗೆ.

ಬುಧವಾರ ಮಧ್ಯಾಹ್ನ ಗಿರಣಿ ಹತ್ತಿರ ಹೋದೆವು. ಹಳೇ ಸೇತುವೆಯ ಎರಡು ಕಂಬಗಳ ಮೇಲೆ ಈ ಗಿರಣಿ ಮನೆ ಕಾಲು ಮಡಚಿ ಕೂತಿದೆ. ಮರದ ಅಡ್ಡಪಟ್ಟಿ, ನಡುವೆ ಸುಣ್ಣದ ಗೋಡೆ, ಕೆಳಗೆ ನದಿ. ಮೊನೆಯೂ 1883ರಲ್ಲಿ ಇದನ್ನು ಬರೆದಿದ್ದಾರೆ. ಎಲ್ಲರೂ ಒಂದೇ ದಡದಲ್ಲಿ, ಒಂದೇ ಅಳತೆಯ ಹಾಳೆಯಲ್ಲಿ ಬರೆದೆವು. ಕಾಗದ ಆರ್ಶ್ ಕಂಪನಿಯದು, 300 ಗ್ರಾಮಿನ ದಪ್ಪ ಹತ್ತಿ ಕಾಗದ. ಒದ್ದೆ ಮಾಡಿ ಒರೆಸಿದರೂ ಹರಿಯುವುದಿಲ್ಲ. ನನ್ನ ಗಿರಣಿ ಬಸ್ ಸ್ಟಾಪಿನ ಹಾಗಿತ್ತು. ಸ್ಕಾರ್ಫಮ್ಮನದು ಮಾತ್ರ ಎದ್ದು ಕಾಣುತ್ತಿತ್ತು. ಗೋಡೆಗೆ ಬಣ್ಣವನ್ನೇ ಹಚ್ಚಿರಲಿಲ್ಲ, ಬರೀ ಕಾಗದದ ಬಿಳಿ ಬಿಟ್ಟಿದ್ದರು. ಸೂರಿನಡಿ ತೆಳ್ಳನೆ ನೇರಳೆ. ಬಿಸಿಲು ಕಾಗದದಿಂದಲೇ ಬರುತ್ತಿದೆ ಅನ್ನಿಸುತ್ತಿತ್ತು.

ಟೋಪಿ ಅಜ್ಜಿಯದನ್ನು ನೋಡಿ ಟೀಚರ್ "ರೇಖೆ ಅದ್ಭುತ. ನೆರಳು ಸ್ವಲ್ಪ ಗಟ್ಟಿಯಾಯ್ತು, ಅಂಚು ಮೆತ್ತಗೆ ಮಾಡಿ" ಅಂದರು. ಅಜ್ಜಿ ತಲೆಯಾಡಿಸಿದರು.

ಗುರುವಾರ ಬೆಳಗಿನ ಕಿರುಚಾಟಕ್ಕೆ ವಾಪಸ್ ಬರುತ್ತೇನೆ. ಸ್ಕಾರ್ಫಮ್ಮನ ಬೆರಳು ನೇರ ಕ್ಯಾಮೆರಾ ಹುಡುಗನ ಕಡೆ ಹೋಯಿತು. ಕಾರಣವೂ ಇತ್ತು. ಮಂಗಳವಾರ ಇಬ್ಬರಿಗೂ ಜಾಗಕ್ಕೆ ಜಗಳ ಆಗಿತ್ತು. ಬುಧವಾರ ಅವನು ಆ ಚಿತ್ರ ನೋಡಿ "ತುಂಬ ಸಿಹಿ" ಅಂತ ಮೂತಿ ತಿರುಗಿಸಿದ್ದ. ಆಮೇಲೆ ಮಧ್ಯಾಹ್ನವೇ ಪ್ಯಾರಿಸಿಗೆ ಹೋಗಿ, ಕೊನೆ ರೈಲಿಗೆ ವಾಪಸ್ ಬಂದು, ಟ್ಯಾಕ್ಸಿ ಹಿಡಿದು ರಾತ್ರಿ ಮುಕ್ಕಾಲು ಹನ್ನೆರಡಕ್ಕೆ ಗೇಟು ತೆಗೆಸಿದ್ದ. ಆ ಹೊತ್ತಿನಲ್ಲಿ ಎದ್ದಿದ್ದವನು ಅವನೊಬ್ಬನೇ. ಹುಡುಗ ಏನೂ ಹೇಳಲಿಲ್ಲ. ಕಿವಿ ಕೆಂಪಗಾಯಿತು. ಬ್ಯಾಗು ಕಟ್ಟೋಕೆ ಹೋದ. ಡಚ್ಚಮ್ಮ ಅವನ ಹಿಂದೆ ಓಡಿದರು.

ನನಗೆ ಬ್ಯಾಂಕು ಕಲಿಸಿದ ಪಾಠ ಒಂದಿದೆ. ಲೆಕ್ಕ ತಾಳೆ ಆಗದಿದ್ದರೆ ಮೊದಲು ಕಳ್ಳನನ್ನು ಹುಡುಕಬಾರದು. ತಪ್ಪು ಎಂಟ್ರಿ ಹುಡುಕಬೇಕು. 31 ವರ್ಷದಲ್ಲಿ ನಾನು ಕಂಡ ಕಳ್ಳರು ಇಬ್ಬರು. ಏಳರ ಜಾಗದಲ್ಲಿ ಒಂದು ಬರೆದವರು ಸಾವಿರ. ಟೀಚರ್ ಹತ್ತಿರ ಹೋಗಿ, ಆ ಹಾಳೆ ಒಂದು ದಿನ ನನಗೆ ಕೊಡಿ ಅಂದೆ. ಅವರಿಗೂ ಅದು ಕಣ್ಣೆದುರಿಂದ ತೊಲಗಿದರೆ ಸಾಕಾಗಿತ್ತು.

"ಚಿಕ್ಕಮ್ಮ, ನಿಂಗೆ ಪತ್ತೇದಾರಿಕೆ ಬೇಕಿತ್ತಾ? ರಜೆಗೆ ಬಂದಿದ್ದೀವಿ" ಅಂದಳು ನನ್ನ ಹುಡುಗಿ.

"ಸುಮ್ನೆ ಕೂತ್ಕೊಂಡು ಭೂತಗನ್ನಡಿ ಕೊಡೇ" ಅಂದೆ.

ಹಾಳೆಯನ್ನು ಮಂಚದ ಮೇಲೆ ಹಾಸಿಕೊಂಡು ಒಂದು ಗಂಟೆ ನೋಡಿದೆ. ಮೊದಲು ಕಂಡದ್ದು ಹೂಕೋಸು. ವಾಟರ್ ಕಲರಿನವರು ಬಳಸುವ ಮಾತಿದು. ಹಚ್ಚಿದ ಬಣ್ಣ ಅರ್ಧ ಒಣಗಿರುವಾಗ ಅದರ ಮೇಲೆ ಒಂದು ಹನಿ ನೀರು ಬಿದ್ದರೆ, ನೀರು ಬಣ್ಣವನ್ನು ಹೊರಕ್ಕೆ ತಳ್ಳಿಕೊಂಡು ಹೋಗುತ್ತದೆ. ಒಣಗಿದಾಗ ಅಂಚೆಲ್ಲ ಸುಕ್ಕು ಸುಕ್ಕಾಗಿ ಹೂಕೋಸಿನ ತುಂಡಿನ ಹಾಗೆ ಕಾಣುತ್ತದೆ. ಪೂರ್ತಿ ಒಣಗಿದ ಬಣ್ಣದ ಮೇಲೆ ಹನಿ ಬಿದ್ದರೆ ಆ ಆಕಾರ ಬರುವುದಿಲ್ಲ. ಈ ಹಾಳೆಯ ಎಡ ಮೂಲೆಯಲ್ಲಿ, ಕೆಸರು ಬಣ್ಣದ ನಟ್ಟನಡುವೆ, ನಾಣ್ಯದಗಲ ಒಂದೇ ಒಂದು ಹೂಕೋಸಿತ್ತು. ಬ್ರಶ್ಶಿನ ಗುರುತು ಇರಲಿಲ್ಲ. ಮೇಲಿಂದ ನೇರ ಬಿದ್ದ ಹನಿ.

ಮೇಲಿಂದ ಹನಿ ಬೀಳೋಕೆ ಏನಿತ್ತು? ಕೊಟ್ಟಿಗೆಯ ಕಿಟಕಿ ಮೂಲೆಯಲ್ಲಿ ಸೂರು ಸೋರುತ್ತಿತ್ತು. ಬುಧವಾರ ರಾತ್ರಿ ಊಟ ಮುಗಿಯುವಾಗ, ಒಂಬತ್ತಕ್ಕೆ ಸ್ವಲ್ಪ ಮೊದಲು, ಮಳೆ ಹಿಡಿದಿತ್ತು. ಹತ್ತೂ ಕಾಲಿಗೆ ನಾನೂ ಇವಳೂ ಕೊಡೆಯಿಲ್ಲದೆ ಬೀದಿಯಲ್ಲಿ ಒಂದು ಸುತ್ತು ಹಾಕಿ ಬಂದಿದ್ದೆವು. ಅಂದರೆ ಹಾಳೆಗೆ ಯಾರೋ ಕೈ ಹಾಕಿದ್ದು ಮಳೆ ಸುರಿಯುವಾಗ.

"ಮಳೆ ನಿಂತ ಮೇಲೂ ಸೂರು ತೊಟ್ಟಿಕ್ಕುತ್ತೆ ಅಲ್ವಾ?" ಅಂದಳು ಇವಳು. ಜಾಣೆ.

"ತೊಟ್ಟಿಕ್ಕುತ್ತೆ. ಹನ್ನೆರಡು ಗಂಟೆವರೆಗಾ?"

ಕ್ಯಾಮೆರಾ ಹುಡುಗ ಪಟ್ಟಿಯಿಂದ ಹೊರಗೆ. ಓಡಿಹೋಗಿ ಅವನಿಗೆ ಹೇಳಿದೆ. ಅವನು ಬ್ಯಾಗಿನ ಜಿಪ್ಪು ಎಳೆಯುವುದನ್ನು ನಿಲ್ಲಿಸಿ "ಹೂಕೋಸಾ?" ಅಂದ. ಅವತ್ತು ಅವನು ನಕ್ಕಿದ್ದು ಅದೊಂದೇ ಸಲ.

ಒಂಬತ್ತರಿಂದ ಹತ್ತರವರೆಗೆ ಊಟದ ಕೋಣೆ ಬಿಟ್ಟು ಎದ್ದವರು ಮೂವರು. ಟೀಚರ್ ಫೋನು ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಿದ್ದರು, ಅವರ ದನಿ ನಮಗೆಲ್ಲ ಕೇಳುತ್ತಿತ್ತು. ಟೋಪಿ ಅಜ್ಜಿ ತಲೆನೋವು ಅಂತ ಮಲಗೋಕೆ ಹೋದರು. ಡಚ್ಚಪ್ಪ ಕೊಡೆ ಹಿಡಿದು ಕೊಟ್ಟಿಗೆಗೇ ಹೋಗಿದ್ದರು. ಅವರನ್ನೇ ಕೇಳಿದೆ. ಏನೂ ಮುಚ್ಚಿಡದೆ ಹೇಳಿದರು. ಸೋರುತ್ತಿದೆ ಅಂತ ನೆನಪಾಯಿತಂತೆ. ಹೋಗಿ ನೆಲದಲ್ಲಿ ಬಕೆಟ್ ಇಟ್ಟರಂತೆ. ಕಿಟಕಿ ಕಡೆ ತುದಿಯಲ್ಲಿದ್ದ ಒಂದು ಚಿತ್ರವನ್ನು ಬಿಚ್ಚಿ, ನೆನೆಯದಿರಲಿ ಅಂತ ಬಾಗಿಲ ಕಡೆ ತುದಿಗೆ ಹಾಕಿ ಬಂದರಂತೆ.

"ಯಾರದು ಆ ಚಿತ್ರ?"

"ನೋಡಲಿಲ್ಲ. ಗಿರಣಿ. ಎಲ್ಲವೂ ಗಿರಣಿಯೇ ತಾನೇ?"

ಇಲ್ಲಿಗೆ ಏನೋ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಹಳದಿಯದೇ ಒಂದು ಯೋಚನೆ ತಲೆ ತಿನ್ನುತ್ತಿತ್ತು. ಯಾರೋ ಬೇಕಂತಲೇ ಹಾಳು ಮಾಡಿದ್ದರೆ ಕಾಫಿ ಚೆಲ್ಲಬಹುದಿತ್ತು, ಹರಿದು ಹಾಕಬಹುದಿತ್ತು. ಇಲ್ಲಿ ಹಾಗಾಗಿರಲಿಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ಬ್ರಶ್ಶು ನೆರಳಿನ ಅಂಚನ್ನೇ ಹಿಡಿದುಕೊಂಡು ಹೋಗಿದೆ. ಎಷ್ಟು ಹದ, ಎಷ್ಟು ತಾಳ್ಮೆ! ಅಂಚನ್ನು ಮೆತ್ತಗೆ ಮಾಡುವ ಕೈ ಅದು. ಆದರೆ ಆ ಬ್ರಶ್ಶಿನಲ್ಲಿ ಇದ್ದದ್ದು ಬರೀ ನೀರಲ್ಲ, ತೆಳ್ಳನೆ ಲೆಮನ್ ಹಳದಿ. ನೇರಳೆ ಮೇಲೆ ಹೋದಲ್ಲಿ ಕೆಸರು, ಬಿಳಿ ಮೇಲೆ ಹೋದಲ್ಲಿ ಕಾಮಾಲೆ. ಇಷ್ಟು ನಾಜೂಕಾಗಿ ಕೆಲಸ ಮಾಡುವವರಿಗೆ ತಮ್ಮ ಬ್ರಶ್ಶು ಹಳದಿ ಉಗುಳುತ್ತಿರುವುದು ಕಾಣಲಿಲ್ಲವೇ?

"ರಾತ್ರಿ ಅಲ್ವಾ ಚಿಕ್ಕಮ್ಮ. ಹಳದಿ ಬಲ್ಬಿನ ಕೆಳಗೆ ತಿಳಿ ಹಳದಿ ಯಾರಿಗೂ ಕಾಣಲ್ಲ."

ಸರಿಯಾದ ಮಾತು. ಗುರುವಾರ ಕತ್ತಲಾದ ಮೇಲೆ ಕೊಟ್ಟಿಗೆಗೆ ಹೋಗಿ ಸ್ವಿಚ್ಚು ಹಾಕಿದೆವು. ಹಗಲಿನ ಹಾಗೆ ಬೆಳ್ಳನೆಯ ಬೆಳಕು. ಚಿತ್ರ ಬರೆಯುವವರಿಗೆಂದೇ ಹಾಕಿಸಿದ್ದ ಬಿಳಿ ಟ್ಯೂಬುಗಳು. ಅಲ್ಲೇ ನಿಂತು ಹಾಳೆ ಹಿಡಿದು ನೋಡಿದರೆ ಹಳದಿ ಕಣ್ಣಿಗೆ ರಾಚುತ್ತಿತ್ತು.

ಅಷ್ಟರಲ್ಲಿ ಒಂದು ಸಣ್ಣ ಹುಳ ಬಂದು ನನ್ನ ಬಲಗಣ್ಣಿಗೆ ಬಡಿಯಿತು. ಕಣ್ಣು ಮುಚ್ಚಿ ಉಜ್ಜಿಕೊಂಡೆ. ಎಡಗಣ್ಣು ಹಾಳೆಯ ಮೇಲೆಯೇ ಇತ್ತು.

ಗೋಡೆ ಬೆಳ್ಳಗಿತ್ತು.

ಬಲಗಣ್ಣು ಬಿಟ್ಟೆ. ಹಳದಿ. ಮುಚ್ಚಿದೆ. ಬಿಳಿ. ಇನ್ನೊಂದು ಸಲ. ಮತ್ತೂ ಒಂದು ಸಲ. ಆಪರೇಷನ್ ಆದ ಹೊಸದರಲ್ಲಿ ನಾನು ಈ ಆಟ ಬೇಕಾದಷ್ಟು ಆಡಿದ್ದೆ. ಬಲಗಣ್ಣಿಗೆ ಗೋಡೆ ಹಾಲಿನ ಬಣ್ಣ, ಎಡಗಣ್ಣಿಗೆ ಅದೇ ಗೋಡೆ ಟೀ ಬಣ್ಣ. ಪೊರೆ ಬಂದಾಗ ಕಣ್ಣೊಳಗಿನ ಲೆನ್ಸು ಹಳದಿಗೆ ತಿರುಗುತ್ತದೆ. ನಿಧಾನಕ್ಕೆ ಆಗುವುದರಿಂದ ಗೊತ್ತೇ ಆಗುವುದಿಲ್ಲ. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಅಂತಾರೆ. ಲೋಕವೆಲ್ಲ ಹಳದಿಯಾದ ಮೇಲೆ ಹಳದಿ ಎಲ್ಲಿಂದ ಕಾಣಬೇಕು?

"ಹಾಗಾದ್ರೆ ನೀನೇ ಯಾಕೆ ಮಾಡಿರಬಾರದು?" ಅಂದಳು ಇವಳು. ನಗುತ್ತಾ ಅಂದಳು, ಆದರೂ ಒಂದು ಕ್ಷಣ ನಾನೂ ಲೆಕ್ಕ ಹಾಕಿದೆ. ನನ್ನ ಒಂದು ಕಣ್ಣು ಸ್ವಚ್ಛ ಇದೆ, ಅದೇ ನನ್ನ ಸಾಕ್ಷಿ. ಡಚ್ಚಪ್ಪನಿಗೆ ಎರಡೂ ಕಣ್ಣು ಆಗಿದೆ, ಅದನ್ನು ಮರೆಯೋಕೆ ಅವರು ಬಿಡುವುದಿಲ್ಲ. ಆಮೇಲೆ ಒಂದೊಂದಾಗಿ ನೆನಪಾಗತೊಡಗಿತು. ಟೋಪಿ ಅಜ್ಜಿಯ ಬಿಳಿ ಅಂಗಿಯ ತೋಳಿನಲ್ಲಿ ಯಾವಾಗಲೂ ಇರುತ್ತಿದ್ದ ಹಳದಿ ಕಲೆ. ಉಳಿದೆಲ್ಲದರಲ್ಲಿ ಅಷ್ಟು ಅಚ್ಚುಕಟ್ಟಾದ ಹೆಂಗಸು. ಟ್ಯೂಬುಗಳನ್ನು ಶಾಲೆಯ ಪ್ರಾರ್ಥನೆಗೆ ನಿಲ್ಲಿಸಿದ ಹಾಗೆ ಒಂದೇ ಸಾಲಿನಲ್ಲಿ ಇಡುತ್ತಿದ್ದದ್ದು. ಡಚ್ಚಮ್ಮ ಒಂದು ದಿನ ನೀಲಿ ಟ್ಯೂಬು ಎರವಲು ತೆಗೆದುಕೊಂಡು ಬೇರೆ ಜಾಗದಲ್ಲಿ ಇಟ್ಟಾಗ ಅಜ್ಜಿಗೆ ಬಂದ ಕೋಪ. ಅವರ ಮೇಜು ಇದ್ದದ್ದು ಕಿಟಕಿ ಮೂಲೆಯಲ್ಲಿ. ಅವರ ಚಿತ್ರ ತೂಗುಬಿಡುತ್ತಿದ್ದದ್ದು ಯಾವಾಗಲೂ ತಂತಿಯ ಕಿಟಕಿ ಕಡೆ ತುದಿಯಲ್ಲಿ. ಆ ಕೆಂಪು ಸೇತುವೆ. ಇದರಲ್ಲಿ ತಪ್ಪೇನಿದೆ?

ಆಕೆಯ ಮೇಜಿಗೆ ಹೋದೆವು. ಪಿಂಗಾಣಿ ಪ್ಯಾಲೆಟ್ ಇತ್ತು. ಬಿಳಿ ಗುಂಡಿಗಳು. ಒಂದು ಗುಂಡಿಯ ತಳದಲ್ಲಿ ಒಣಗಿದ ಲೆಮನ್ ಹಳದಿ. ಎಡಗಣ್ಣಿನಲ್ಲಿ ನೋಡಿದೆ. ಖಾಲಿ, ತೊಳೆದಿಟ್ಟ ಗುಂಡಿ.

ಇವಳಿಗೆ ಉತ್ಸಾಹ ಬಂದುಬಿಟ್ಟಿತು. ಬಿಳಿ ಕಾಗದದಲ್ಲಿ ತಿಳಿ ಹಳದಿಯಲ್ಲಿ ಏನಾದರೂ ಬರೆದು ನಾಳೆ ಅಜ್ಜಿಗೆ ಕೊಡೋಣ, ಓದ್ತಾರಾ ನೋಡೋಣ ಅಂದಳು. ಬೇಡ ಅಂದೆ. ಪತ್ತೆ ಮಾಡುವ ಖುಷಿ ಅಲ್ಲಿಗೆ ನನಗೆ ಇಳಿದುಹೋಗಿತ್ತು.

ಶುಕ್ರವಾರ ಮೊನೆಯ ತೋಟ. ಏಪ್ರಿಲ್ 1ರಿಂದ ನವೆಂಬರ್ 1ರವರೆಗೆ ಮಾತ್ರ ತೆರೆದಿರುತ್ತದೆ. ನಾವು ಹೋದದ್ದು ಸೆಪ್ಟೆಂಬರ್ ಕೊನೆ. ಗುಲಾಬಿ ಬಣ್ಣದ ಮನೆ, ಹಸಿರು ಕಿಟಕಿಗಳು. ನಡುದಾರಿಯನ್ನು ನಸ್ಟರ್ಶಿಯಮ್ ಬಳ್ಳಿ ಎರಡೂ ಕಡೆಯಿಂದ ಬಂದು ನುಂಗಿಹಾಕಿತ್ತು. ರಸ್ತೆಯ ಕೆಳಗಿನ ಸುರಂಗ ದಾಟಿದರೆ ಕೊಳ, ಬಿದಿರು, ಹಸಿರು ಬಣ್ಣದ ಜಪಾನಿ ಸೇತುವೆ. ಸೇತುವೆಯ ಮೇಲೆ ಸೆಲ್ಫಿಯವರ ಸಂತೆ. ಅಜ್ಜಿ ಕೊಳದ ಆಚೆ ಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. ಮಡಿಲಲ್ಲಿ ಪುಟ್ಟ ಸ್ಕೆಚ್ ಪುಸ್ತಕ, ಹಾಳೆ ಖಾಲಿ. ನಾನು ಪಕ್ಕದಲ್ಲಿ ಕೂತೆ.

ಹೇಗೆ ಶುರು ಮಾಡಬೇಕು ಅಂತ ರಾತ್ರಿಯೆಲ್ಲ ಯೋಚಿಸಿದ್ದೆ. ಬಾಯಿಗೆ ಬಂದದ್ದು ಬೇರೆಯೇ. "ನನಗೆ ಬಲಗಣ್ಣು ಮಾತ್ರ ಆಗಿದೆ. ಎಡಗಣ್ಣು ಬಾಕಿ" ಅಂದೆ.

ಅವರು ನನ್ನ ಕಡೆ ತಿರುಗಲಿಲ್ಲ. ಬಹಳ ಹೊತ್ತು ನೀರನ್ನೇ ನೋಡಿದರು.

"ಯಾವಾಗ ಗೊತ್ತಾಯ್ತು ನಿಮಗೆ?" ಅಂತ ಕೇಳಿದರು.

"ನಿನ್ನೆ ರಾತ್ರಿ. ನಿಮಗೆ?"

"ನಿನ್ನೆ ಬೆಳಿಗ್ಗೆ. ಆಕೆ ಕಿರುಚಿದಾಗ. ಬಾಗಿಲ ಹತ್ತಿರ ತೂಗುತ್ತಿದ್ದ ಚಿತ್ರದ ಹಿಂದೆ ನನ್ನ ಗುರುತಿತ್ತು. ನಾನು ರಾತ್ರಿ ಅಂಚು ಮೆತ್ತಗೆ ಮಾಡಿದ ಚಿತ್ರ ನನ್ನದಲ್ಲ ಅಂತ ಆಗ ಗೊತ್ತಾಯ್ತು. ಅದರಲ್ಲಿ ಹಳದಿ ಇದೆ ಅಂತ ಎಲ್ಲರೂ ಹೇಳಿದರು. ನನಗೆ ಈಗಲೂ ಕಾಣಲ್ಲ."

ನಾಲ್ಕು ವರ್ಷದ ಹಿಂದೆಯೇ ಡಾಕ್ಟರು ಹೇಳಿದ್ದರಂತೆ. ಮಕ್ಕಳಿಗೆ ಹೇಳಿಲ್ಲ. ಹೇಳಿದರೆ ಒಬ್ಬಳೇ ಓಡಾಡಬೇಡ ಅಂತಾರೆ. ಅದಕ್ಕಿಂತ ದೊಡ್ಡ ಭಯ ಕಣ್ಣಿಗೆ ಕತ್ತರಿ ಹಾಕಿಸಿಕೊಳ್ಳುವುದು. "ಈತನಿಗೆ ವೈದ್ಯರು ಹೇಳಿದ್ದು 1912ರಲ್ಲಿ" ಅಂತ ಕೈಯನ್ನು ಮನೆಯ ಕಡೆ ಬೀಸಿದರು. "ಮಾಡಿಸಿಕೊಂಡದ್ದು 1923ರಲ್ಲಿ. ಅಷ್ಟು ವರ್ಷ ಟ್ಯೂಬಿನ ಲೇಬಲ್ ಓದಿಕೊಂಡು, ಬಣ್ಣಗಳನ್ನು ಒಂದೇ ಕ್ರಮದಲ್ಲಿ ಇಟ್ಟುಕೊಂಡು ಬರೆದರು. ನನ್ನದು ನಾಲ್ಕೇ ವರ್ಷ."

ಈಕೆಗೆ ಮೊನೆ ಕಥೆ ನನಗಿಂತ ಚೆನ್ನಾಗಿ ಗೊತ್ತು. ಸ್ನೇಹಿತ ಕ್ಲೆಮಾಂಸೋ ಸ್ವತಃ ವೈದ್ಯಕೀಯ ಓದಿದವರು, ಫ್ರಾನ್ಸಿನ ಪ್ರಧಾನಿಯಾಗಿದ್ದವರು. ಅವರೇ ಹಿಂದೆ ಬಿದ್ದು ಒಪ್ಪಿಸಬೇಕಾಯಿತಂತೆ. ಆಪರೇಷನ್ ಆದ ಮೇಲೆ ದಿನಗಟ್ಟಲೆ ಅಲುಗಾಡದೆ ಮಲಗಬೇಕಿತ್ತಂತೆ. ನನಗೆ ಮಧ್ಯೆ ಬಾಯಿ ಹಾಕದೆ ಇರಲಾಗಲಿಲ್ಲ. "ಆಗ ಕಣ್ಣೊಳಗೆ ಲೆನ್ಸು ಕೂರಿಸೋದು ಇರಲಿಲ್ಲ. ಅದು ಬಂದದ್ದು 1949ರಲ್ಲಿ. ನಾನು ಮಲಗಿದ್ದು ಅರ್ಧ ಗಂಟೆಯೂ ಇಲ್ಲ. ಮಾರನೇ ದಿನ ಪಟ್ಟಿ ಬಿಚ್ಚಿದಾಗ ಮೊದಲು ಕಂಡದ್ದು ನನ್ನ ಮುಖದ ಸುಕ್ಕು. ಅದೊಂದು ಬೇಜಾರು."

ಅಜ್ಜಿ ಫಕ್ಕನೆ ನಕ್ಕರು. ಆಮೇಲೆ ಕೇಳಿದರು, "ಮತ್ತೆ ನೀಲಿ?"

ನೀಲಿಯನ್ನು ಹೇಗೆ ಹೇಳುವುದು? ಕೊಳದ ಆಚೆ ದಡದಲ್ಲಿ ಒಬ್ಬ ತೋಟದ ಕೆಲಸದವರು ನಿಂತಿದ್ದರು. ಅವರ ಅಂಗಿ ಎಡಗಣ್ಣಿಗೆ ಬೂದಿ, ಬಲಗಣ್ಣಿಗೆ ಅಲ್ಟ್ರಾಮರೀನ್. "ಆ ಅಂಗಿ ಯಾವ ಬಣ್ಣ ಹೇಳಿ" ಅಂದೆ. "ಬೂದಿ" ಅಂದರು. ನಾನು ಏನೂ ಹೇಳಲಿಲ್ಲ. ಅವರಿಗೆ ಅರ್ಥವಾಯಿತು. ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು, ಆ ಮನುಷ್ಯ ಬಿದಿರಿನ ಹಿಂದೆ ಮರೆಯಾಗುವವರೆಗೂ ಆ ಅಂಗಿಯನ್ನೇ ನೋಡಿದರು.

ನಾನು ಯಾರಿಗೂ ಹೇಳಲ್ಲ, ಆ ಹುಡುಗನಿಗೊಬ್ಬನಿಗೆ ಮಾತ್ರ ಹೇಳಿ ಅಂದೆ. ಅವರು ಶನಿವಾರದ ಪ್ರದರ್ಶನದಲ್ಲಿ ಎಲ್ಲರ ಮುಂದೆಯೇ ಹೇಳಿಬಿಟ್ಟರು. ಮೇಷ್ಟರಾಗಿದ್ದವರು ಅಲ್ವಾ, ಕೊನೆಯ ಬೆಂಚಿಗೂ ಕೇಳುವ ಹಾಗೆ ಹೇಳಿದರು. ಡಚ್ಚಪ್ಪ ತಾವು ಚಿತ್ರ ಸ್ಥಳ ಬದಲಾಯಿಸಿದ್ದಕ್ಕೆ ಹತ್ತು ಸಲ ಕ್ಷಮೆ ಕೇಳಿ, ಹಾಗೇ ತಮ್ಮ ಆಪರೇಷನ್ನಿಗೆ ಜಾರಿದರು. ಈ ಸಲ ಅಜ್ಜಿ ಕೂತು ಪೂರ್ತಿ ಕೇಳಿದರು.

ಸ್ಕಾರ್ಫಮ್ಮ ಕರಗಿದರು ಅಂತ ಬರೆದರೆ ಸುಳ್ಳಾಗುತ್ತದೆ. "ನನ್ನ ಚಿತ್ರ ಹೋಯ್ತು ತಾನೇ" ಅಂದರು. ಅದೂ ನಿಜವೇ. ಆಮೇಲೆ ಅಜ್ಜಿಯ ಗಿರಣಿ ಚಿತ್ರದ ಮುಂದೆ ನಿಂತು, ಅದನ್ನು ಬದಲಿಗೆ ಕೇಳಿ ಇಸಿದುಕೊಂಡು, ಟ್ಯೂಬಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡರು. ಹುಡುಗನಿಗೆ ಸಾರಿ ಹೇಳಿದ್ದು ನನಗೆ ಕೇಳಿಸಲಿಲ್ಲ. ಕೆಸರಾದ ಹಾಳೆ ನನ್ನ ಹತ್ತಿರವೇ ಉಳಿಯಿತು. ಗೆಸ್ಟ್‌ಹೌಸಿನ ಒಡೆಯರು ಡಚ್ಚಮ್ಮನ ಬಾತುಕೋಳಿ ಚಿತ್ರ ಕೊಂಡುಕೊಂಡರು. 80 ಯೂರೋಗೆ.

ಫೆಬ್ರವರಿಯಲ್ಲಿ ಐರ್ಲೆಂಡಿನಿಂದ ಒಂದು ಲಕೋಟೆ ಬಂತು. ಒಳಗೆ ಅಂಗೈಯಗಲದ ಹತ್ತಿ ಕಾಗದ, ಮಧ್ಯೆ ಒಂದು ನೀಲಿ ಅಂಗಿ. ಬರೀ ಅಂಗಿ, ಮನುಷ್ಯನಿಲ್ಲ. ಸುತ್ತ ಬಿಳಿ. ಪತ್ರ ಏನಾದರೂ ಇದೆಯಾ ಅಂತ ಲಕೋಟೆ ಕೊಡವಿದೆ, ಇರಲಿಲ್ಲ. ಕಾಗದವನ್ನು ತಿರುಗಿಸಿ ಹಿಂದೆ ನೋಡಿದೆ, ಅಲ್ಲೂ ಏನಿಲ್ಲ. ಆಮೇಲೆ ಅನುಮಾನ ಬಂದು ಎಡಗಣ್ಣು ಮುಚ್ಚಿಕೊಂಡು, ಬಲಗಣ್ಣಿಗೆ ಹತ್ತಿರ ಹಿಡಿದುಕೊಂಡೆ. ಅಂಗಿಯ ಕೆಳಗೆ, ಲೆಮನ್ ಹಳದಿಯಲ್ಲಿ, ಮೇಷ್ಟರ ದುಂಡಗಿನ ಅಕ್ಷರ:

"ಎಡಗಣ್ಣು ಯಾವಾಗ?"